ಅತ್ತೆಯ ಬಾಡಿ

ಎರಿಸಾ ಸೆಬಗ್ಗಾಲ ಮಸಾಕಾ ಪೇಟೆಯ ಒಂದು ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿ ಬಂದಾಗಲೆಲ್ಲ ಹಾಸಿಗೆಯ ಮೇಲೆ ಮಲಗಿ, ಹೊರಳಿ, ಅದು ಎಷ್ಟು ಮೆತ್ತಗಿದೆ ಎಂದು ತೋರಿಸುವುದು ಅವನ ಉದ್ಯೋಗ. ಮಧ್ಯಾಹ್ನದ ಹೊತ್ತು ಒಮ್ಮೊಮ್ಮೆ ಗಿರಾಕಿ ಹೋದ ಮೇಲೂ ತೋರಿಸುತ್ತಲೇ ಇರುತ್ತಿದ್ದ. ಇಂಥ ಮೃದು ಬದುಕಿನ ಮನುಷ್ಯ ಒಂದು ಭಾನುವಾರ ಅತ್ತೆಯ ಮನೆಯ ಊಟದಲ್ಲಿ, ಬಾಯಲ್ಲಿ ಬೇಯಿಸಿದ ಬಾಳೆಕಾಯಿ ಇರುವಾಗಲೇ, ತನಗೆ ವೆಲ್ಡಿಂಗ್ ಬರುತ್ತದೆ ಎಂದುಬಿಟ್ಟ.

ಬಾಯ್ತಪ್ಪಿ ಬಂದ ಮಾತಲ್ಲ ಅದು. ಷಡ್ಡಕ ಕಿಯಿಂಗಿ ಅವನ ಬಾಯಿಂದ ಎಳೆದು ತೆಗೆದ ಮಾತು.

ಕಿಯಿಂಗಿ ಮುಟುಕುಲಾ ಗಡಿಯಲ್ಲಿ ಲಾರಿಗಳನ್ನು ಆಚೆ ದಾಟಿಸಿಕೊಡುವ ಕೆಲಸದವನು. ಹೊಟ್ಟೆಯೂ ದೊಡ್ಡದು, ಮಾತೂ ದೊಡ್ಡದು. ಅತ್ತೆಗೆ ಫ್ರಿಜ್ಜು ಕೊಡಿಸಿದ್ದ. ಎರಿಸಾ ಹೋದಾಗಲೆಲ್ಲ ಬ್ರೆಡ್ಡು ಒಯ್ಯುತ್ತಿದ್ದ. ಆ ಬ್ರೆಡ್ಡನ್ನು ಆ ಫ್ರಿಜ್ಜಿನಲ್ಲಿಡುತ್ತಿದ್ದರು. ಹೀಗಾಗಿ ಮನೆಮಂದಿಯ ಬಾಯಲ್ಲಿ ಒಬ್ಬ ಕಿಯಿಂಗಿ ಸಾಹೇಬರು, ಇನ್ನೊಬ್ಬ ಬ್ರೆಡ್ ಅಳಿಯ.

ಆವತ್ತಿನ ವಿಷಯ ಅತ್ತೆಯ ವ್ಯಾನು. ಅವಳಿಜವಳಿ ಹೆತ್ತ ತಾಯಿಯಾದ್ದರಿಂದ ಅತ್ತೆಯನ್ನು ಊರೆಲ್ಲ ನಲೋಂಗೊ ಎಂದೇ ಗೌರವದಿಂದ ಕರೆಯುತ್ತಿತ್ತು. ಅವರ ಹಳೇ ಜಪಾನಿ ವ್ಯಾನು ವಾರವಿಡೀ ಬಾಳೆಗೊನೆ, ಭಾನುವಾರ ಚರ್ಚಿನ ಹೆಂಗಸರನ್ನು ಹೊರುತ್ತಿತ್ತು. ಆ ಬೆಳಿಗ್ಗೆ ನಲೋಂಗೊ ಹತ್ತಲೆಂದು ಬಾಗಿಲ ಹತ್ತಿರ ಕಾಲಿಟ್ಟರೆ, ಕಾಲು ತುಕ್ಕು ಹಿಡಿದ ತಗಡನ್ನು ತೂರಿಕೊಂಡು ನೇರವಾಗಿ ರಸ್ತೆಗೆ ತಲುಪಿತ್ತು. ಬರುವ ಶನಿವಾರ ಮೊಮ್ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರ ಮುಂದೆ ವ್ಯಾನಿನ ಹೊಟ್ಟೆಯಿಂದ ಕಾಲು ಇಳಿಬಿಟ್ಟುಕೊಂಡು ಹೋಗುವುದು ಸಾಧ್ಯವಿರಲಿಲ್ಲ.

"ಕಂಪಾಲಾಕ್ಕೆ ಕಳಿಸ್ತೀನಿ ಬಿಡಿ," ಎಂದ ಕಿಯಿಂಗಿ. "ನನಗೆ ಗೊತ್ತಿರೋ ಗ್ಯಾರೇಜ್ ಇದೆ. ಇದೇನು ಅಂಗಡಿಯಿಂದ ಬ್ರೆಡ್ ತಂದಷ್ಟು ಸುಲಭಾನಾ?"

"ಇಷ್ಟು ತೆಳು ತಗಡಿಗೆ ಕಂಪಾಲಾ ಯಾಕೆ?" ಎಂದಿತು ಎರಿಸಾನ ಬಾಯಿ. "ನಾನೇ ವೆಲ್ಡ್ ಮಾಡ್ತೀನಿ."

ಬಡಿಸುತ್ತಿದ್ದ ಅವನ ಹೆಂಡತಿ ತೆಯೊಪಿಸ್ತಾ ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತಳು. "ಯಾರು?"

"ನಾನು."

"ಯಾವಾಗ ಕಲಿತ್ರಿ?"

"ಗಂಡಸರು ಕಲಿತಿದ್ದನ್ನೆಲ್ಲ ಹೆಂಡತಿ ಹತ್ರ ಹೇಳ್ಕೊಂಡು ತಿರುಗ್ತಾರಾ?"

ನಲೋಂಗೊ ಚಾಪೆಯ ತುದಿಯಲ್ಲಿ, ಅಳಿಯಂದಿರ ಕಡೆ ಅರ್ಧ ಬೆನ್ನು ಮಾಡಿ ಕೂತಿದ್ದರು. ಅಳಿಯನಾದವನು ಅತ್ತೆಯನ್ನು ಮುಟ್ಟುವಂತಿಲ್ಲ, ಹತ್ತಿರ ಸುಳಿಯುವಂತಿಲ್ಲ. ಮುಟ್ಟಿದವನಿಗೆ ಸಾಯುವವರೆಗೆ ಕೈನಡುಕ ಬಿಡುವುದಿಲ್ಲವೆಂದು ಅಲ್ಲಿಯ ನಂಬಿಕೆ. ನಲೋಂಗೊ ಈ ಕಟ್ಟಳೆಯನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೆಂದರೆ ಎರಿಸಾನೊಡನೆ ನೇರ ಮಾತನ್ನೂ ಆಡುತ್ತಿರಲಿಲ್ಲ. ಈಗಲೂ ಗೋಡೆಗೆ ಹೇಳಿದರು:

"ತೆಯೊಪಿಸ್ತಾ, ನಿನ್ನ ಗಂಡನಿಗೆ ಹೇಳು. ವ್ಯಾನು ಇವತ್ತೇ ತಗೊಂಡು ಹೋಗ್ಲಿ. ಶನಿವಾರ ನಾನು ಅದರಲ್ಲೇ ಹೋಗೋದು. ನನ್ನ ಕಾಲು ಮತ್ತೆ ರಸ್ತೆ ನೋಡಿದ್ರೆ, ಅವನು ನನ್ನ ಮುಖ ನೋಡೋದು ಬೇಡ."

ಕತ್ತಲಾದ ಮೇಲೆ ವ್ಯಾನು ನ್ಯೆಂಡೋ ಬಡಾವಣೆಯಲ್ಲಿದ್ದ ಎರಿಸಾನ ಮನೆಯ ಹಿತ್ತಿಲು ಸೇರಿತು. ಅಕ್ಕಪಕ್ಕದವರು ಯಾರೂ ನೋಡಲಿಲ್ಲ. ಅವನಿಗೆ ಬೇಕಾಗಿದ್ದೂ ಅದೇ. ಮಾರನೆಯ ದಿನ ತೆಯೊಪಿಸ್ತಾ ನಿಶ್ಚಿತಾರ್ಥದ ಬಟ್ಟೆ ತರಲು ಕಂಪಾಲಾ ಬಸ್ಸು ಹತ್ತಿದಳು. ಅವಳ ಬಸ್ಸು ತಿರುವು ದಾಟಿದ್ದೇ ತಡ, ಎರಿಸಾ ಗಸ್ತಾನ ಶೆಡ್ಡಿಗೆ ಓಡಿದ.

ಗಸ್ತಾ ಹಲಸಿನ ಮರದ ಕೆಳಗೆ ವೆಲ್ಡಿಂಗ್ ಶೆಡ್ಡು ಇಟ್ಟವನು. ಗೇಟು, ಕಿಟಕಿ, ಶಾಲಾಮಕ್ಕಳ ತಗಡಿನ ಟ್ರಂಕು, ಮಿಡತೆ ಕಾಲ ಬಂದರೆ ಮಿಡತೆ ಹಿಡಿಯುವ ಡ್ರಮ್ಮು, ಏನು ಬೇಕಾದರೂ ಮಾಡುತ್ತಿದ್ದ. ತನ್ನನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಇನ್ನೂ ನುರಿತವನು.

"ಈ ಊರಲ್ಲಿ ನಿಂತಿರೋ ಗೇಟೆಲ್ಲ ನಂದು," ಎಂದ. "ಬಿದ್ದಿರೋದೆಲ್ಲ ಬೇರೆಯವರದು. ಶುಕ್ರವಾರದೊಳಗೆ ಕಲಿಸ್ಬೇಕಾ? ಕಲಿಸೋಣ. ಆದ್ರೆ ಕೇಳು, ದಪ್ಪ ಕಬ್ಬಿಣಾನ ಯಾವ ಕತ್ತೆ ಬೇಕಾದ್ರೂ ಅಂಟಿಸುತ್ತೆ. ತೆಳು ತಗಡು ಹಾಗಲ್ಲ. ಅದಕ್ಕೆ ಸಿಟ್ಟು ಬೇಗ."

ಮಿಗ್ ಎಂಬ ವೆಲ್ಡಿಂಗ್ ಮೆಷಿನ್ನಿನ ಗನ್ನನ್ನು ಎರಿಸಾನ ಕೈಗಿತ್ತ. ಟ್ರಿಗರ್ ಒತ್ತಿದರೆ ಒಳಗಿನಿಂದ ಸಣ್ಣ ತಂತಿ ತಾನಾಗಿ ಹರಿದು ಬರುತ್ತದೆ, ಗ್ಯಾಸೂ ಬರುತ್ತದೆ, ಬೆಂಕಿಯೂ ಬರುತ್ತದೆ. ಮನುಷ್ಯ ಮಾಡಬೇಕಾದ್ದು ಏನೂ ಇಲ್ಲವೆಂದು ಎರಿಸಾನಿಗೆ ಅನ್ನಿಸಿತು. ಕಣ್ಣು ಕಾಯುವ ಕಪ್ಪುಗಾಜಿನ ಮುಖವಾಡವನ್ನು ಮುಖದ ಮೇಲೆ ಇಳಿಸಿ ಒತ್ತಿದ. ತಗಡಿನಲ್ಲಿ ಒಂದು ತೂತು ಬಿತ್ತು. ತೂತು ಮುಚ್ಚಲು ಇನ್ನೊಮ್ಮೆ ಒತ್ತಿದ. ತೂತು ದೊಡ್ಡದಾಯಿತು. ಮುಚ್ಚಹೋದಷ್ಟೂ ಅಗಲವಾಗುವುದು ಸುಳ್ಳು ಮಾತ್ರ ಎಂದು ತಿಳಿದಿದ್ದ ಅವನಿಗೆ, ತಗಡೂ ಅದೇ ಜಾತಿಯದು ಎಂದು ಅರಿವಾಯಿತು.

ಗಸ್ತಾ ತಗಡನ್ನು ಎತ್ತಿ ಬಿಸಿಲಿಗೆ ಹಿಡಿದ. "ಚೆನ್ನಾಗಿದೆ. ಬಾಳೆಹಣ್ಣಿನ ಬೀರು ಸೋಸಬಹುದು."

"ಮೆಷಿನ್ನೇ ಸರಿ ಇಲ್ವೇನೋ."

"ಮೆಷಿನ್ ಸರಿ ಇದೆ. ನಿನ್ನ ಕೈ ಹಾಸಿಗೆ ಮಾರ್ತಿದೆ. ಬಿದ್ದ ಕಡೆ ಮಲಗಿಬಿಡುತ್ತೆ. ಕರೆಂಟ್ ಕಮ್ಮಿ ಮಾಡ್ಕೋ. ಒತ್ತು, ಬಿಡು. ಕೆಂಪು ಆರೋವರೆಗೂ ಕಾಯಿ. ಆಮೇಲೆ ಪಕ್ಕದಲ್ಲೇ ಹಾಕ್ಬೇಡ, ಆ ತುದೀಲಿ ಒಂದು ಚುಕ್ಕಿ, ಈ ತುದೀಲಿ ಒಂದು ಚುಕ್ಕಿ. ಒಂದೇ ಕಡೆ ಕಾದ್ರೆ ತಗಡು ಸೊಟ್ಟಗಾಗುತ್ತೆ. ಅತ್ತೆಗೆ ನಮಸ್ಕಾರ ಹೇಳ್ತೀಯಲ್ಲ, ಹಂಗೆ! ದೂರದಿಂದ ಒಂದು ಮಾತು, ಅಲ್ಲಿಂದ ಮಾಯ."

"ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಕಿವಿ ಕೊಡು. ಪಟಪಟ ಸಿಡಿದ್ರೆ ತಪ್ಪು. ಬಾಣಲೇಲಿ ಮಿಡತೆ ಹುರಿದ ಹಾಗೆ ಒಂದೇ ಸಮ ಚುರ್ರ್ ಅನ್ಬೇಕು."

ಮಸಾಕಾದಲ್ಲಿ ಹುಟ್ಟಿದವನಿಗೆ ಆ ಸದ್ದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಅಂಗಡಿಗೆ ಜ್ವರವೆಂದು ಹೇಳಿ ಕಳಿಸಿ ಎರಿಸಾ ಶೆಡ್ಡಿನಲ್ಲೇ ಬಿಡಾರ ಹೂಡಿದ. ಗಸ್ತಾನ ಹಳೆಯ ಟ್ರಂಕುಗಳೆಲ್ಲ ತೂತಾದವು. ಎರಡು ತಗಡು ಅಂಟಿದಂತೆ ಕಂಡು, ಎತ್ತಿದರೆ ಕಳಚಿಬಿದ್ದವು. ಕೊನೆಗೆ ಬುಧವಾರ ಸಂಜೆ ಅವನು ಕೂಡಿಸಿದ ಒಂದು ತುಂಡನ್ನು ಗಸ್ತಾ ಕಾಲಲ್ಲಿ ಒದ್ದ. ತುಂಡು ಬಿಡಲಿಲ್ಲ. ಕಲ್ಲಿಗೆ ಬಡಿದ. ಆಗಲೂ ಬಿಡಲಿಲ್ಲ.

"ನೋಡಿದ್ಯಾ," ಎಂದ ಗಸ್ತಾ, "ನಾನು ಎಂಥಾ ಗುರು!"

ಎರಿಸಾನ ಎದೆ ಉಬ್ಬಿತು. ಮೆಷಿನ್ನನ್ನು ಕೈಗಾಡಿಯಲ್ಲಿ ಮನೆಗೆ ತಂದು ಆಗಲೇ ಕೆಲಸ ಶುರುಮಾಡಿದ. ತುಕ್ಕು ಹಿಡಿದದ್ದನ್ನೆಲ್ಲ ಕತ್ತರಿಸಿ ತೆಗೆದ. ಹೊಳೆಯುವ ತಗಡು ಕಾಣುವವರೆಗೆ ಬಣ್ಣ ಕೆರೆದ. ತೇಪೆಯನ್ನು ಅಳತೆಗೆ ಕತ್ತರಿಸಿ ಕೂರಿಸಿದ. ತಗಡು ಉರಿದು ತೂತಾಗದಿರಲೆಂದು ಹಿಂದೆ ತಾಮ್ರದ ಪಟ್ಟಿ ಕೊಟ್ಟ. ಎಲ್ಲವೂ ಗಸ್ತಾ ಹೇಳಿದ ಹಾಗೇ. ಒಂದು ವಿಷಯದಲ್ಲಿ ಮಾತ್ರ ಸ್ವಂತ ಬುದ್ಧಿ ಓಡಿಸಿದ. ಮುಖವಾಡ ಇಳಿಸಿದರೆ ತಂತಿಯ ತುದಿ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಆದ್ದರಿಂದ ಮುಖವಾಡ ಎತ್ತಿ, ಕಣ್ಣು ಕಿರಿದು ಮಾಡಿ, ಮೊದಲ ಚುಕ್ಕಿಗಳನ್ನು ಹಾಗೇ ಹಾಕಿದ.

ಗುರುವಾರ ಬೆಳಗಾಗುವ ಹೊತ್ತಿಗೆ ಅವನ ಕಣ್ಣು ಊದಿ ಬದನೆಕಾಯಿಯಾಗಿದ್ದವು. ರೆಪ್ಪೆಯ ಕೆಳಗೆ ಯಾರೋ ಮರಳು ಸುರಿದಂತೆ. ಧಾರಾಕಾರ ನೀರು. ಗನ್ನು ಬಿಗಿಹಿಡಿದೂ ಹಿಡಿದೂ ಕೈ ಬೇರೆ ಗಡಗಡ ನಡುಗುತ್ತಿತ್ತು. ಆ ಸ್ಥಿತಿಯಲ್ಲಿ ಗೇಟಿನ ಹತ್ತಿರ ಹಾಲಿಗಾಗಿ ನಿಂತಿದ್ದಾಗ ಎದುರುಮನೆಯ ಫಿನಾಳ ತಾಯಿ, ಎಲ್ಲರ ಬಾಯಲ್ಲಿ ಮಾಮಾ ಫಿನಾ, ಕರಿದ ಮರಗೆಣಸಿನ ತಟ್ಟೆ ಹೊತ್ತು ಬಂದಳು.

"ಅಯ್ಯೋ ಎರಿಸಾ! ಯಾಕಪ್ಪಾ ಹೀಗೆ ಅಳ್ತಿದೀಯ?"

ಮುಖವಾಡ ಹಾಕದೆ ಬೆಂಕಿ ನೋಡಿದೆ ಎಂದು ಹೇಳಿದರೆ ಸಂಜೆಯೊಳಗೆ ಊರೆಲ್ಲ ನಗುತ್ತದೆ. ಎರಿಸಾ ಗಂಭೀರವಾಗಿ ಹೇಳಿದ: "ಏನಿಲ್ಲಮ್ಮಾ. ನಮ್ಮ ಅತ್ತೆಯ ಬಾಡಿ ಬಂದಿದೆ. ಅದರ ಕೆಲಸದಲ್ಲಿ ನಿದ್ದೆ ಇಲ್ಲ."

ಮಾಮಾ ಫಿನಾ ಎದೆಗೆ ಕೈ ಹಚ್ಚಿದಳು. "ನಲೋಂಗೊ ಅವರದ್ದಾ?"

"ಹೂಂ. ಭಾನುವಾರವೇ ತಂದದ್ದು. ಹಿತ್ತಿಲಲ್ಲಿ ಟಾರ್ಪಾಲ್ ಮುಚ್ಚಿಟ್ಟಿದೀನಿ."

"ಭಾನುವಾರದಿಂದ ಹಿತ್ತಿಲಲ್ಲಾ?"

"ಏನು ಮಾಡೋದು, ಒಳಗೆ ಹಿಡಿಸಲ್ವಲ್ಲ. ಶನಿವಾರ ಬೆಳಿಗ್ಗೆ ಕಳಿಸಿಕೊಟ್ಟರೆ ನನ್ನ ಭಾರ ಇಳೀತು."

ಮರಗೆಣಸು ರಸ್ತೆಯ ಪಾಲಾಯಿತು. ಮಾಮಾ ಫಿನಾ ಲಂಗ ಎತ್ತಿ ಹಿಡಿದು ಬಡಾವಣೆಯ ಚೇರ್ಮನ್ ಲುಟಾಯನ ಮನೆಗೆ ಓಡಿದಳು.

ಚೇರ್ಮನ್ ಲುಟಾಯನಿಗೆ ಜೀವನದಲ್ಲಿ ಪ್ರಿಯವಾದದ್ದು ಭಾಷಣ. ಅದರಲ್ಲೂ ಸಾವಿನ ಭಾಷಣ, ಯಾಕೆಂದರೆ ಅಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಕೋಟು ತೊಟ್ಟುಕೊಂಡೇ ಬಂದ. ಅಂಗಳದಲ್ಲಿ ಎರಿಸಾ ಕಣ್ಣಿಗೆ ತಣ್ಣೀರ ಬಟ್ಟೆ ಒತ್ತಿಕೊಂಡು ಕೂತಿದ್ದ.

"ಸ್ವಾಮೀ, ಸುದ್ದಿ ಕೇಳಿದೆ," ಎಂದ ಚೇರ್ಮನ್ ತಗ್ಗಿದ ದನಿಯಲ್ಲಿ. "ಏನಾಗಿತ್ತು?"

"ಯಾರೂ ಗಮನಿಸಲಿಲ್ಲ ಚೇರ್ಮನ್ನರೇ. ಕೆಳಗಡೆಯಿಂದ ಕೊಳೀತಾ ಬಂದಿತ್ತು. ಮೇಲೆ ನೋಡಿದ್ರೆ ಚೆನ್ನಾಗೇ ಕಾಣ್ತಿತ್ತು."

"ಪಾಪ. ಪಾಪ. ಈಗ…?"

"ಕೊಳೆತಿದ್ದನ್ನೆಲ್ಲ ಕತ್ತರಿಸಿ ಬಿಸಾಕಿದೆ."

ಚೇರ್ಮನ್ ಗೋಡೆ ಹಿಡಿದುಕೊಂಡ. "ನೀ… ನೀವೇನಾ?"

"ನಾನೇ. ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ."

"ಅದಕ್ಕೆ ಯಾರು ಒಪ್ಪಿಗೆ ಕೊಟ್ರು?"

"ಅತ್ತೆಯೇ ಎಲ್ಲರ ಎದುರು ಹೇಳಿದ್ದು. ನೋಡ್ತೀರಾ? ಟಾರ್ಪಾಲ್ ತೆಗೀಲಾ? ಮುಟ್ಟಬೇಡಿ ಮಾತ್ರ, ಇನ್ನೂ ಬಿಸಿ ಇದೆ."

ಚೇರ್ಮನ್ ನೋಡಲಿಲ್ಲ. ಅವನು ನೋಡಿದ್ದು ಎರಿಸಾನ ನಡುಗುವ ಕೈಗಳನ್ನು. ಅತ್ತೆಯನ್ನು ಮುಟ್ಟಿದ ಅಳಿಯನ ಕೈಗಳು! ಗೇಟಿನವರೆಗೆ ಹಿಂದೆಹಿಂದೆಯೇ ನಡೆದು, ಅಲ್ಲಿಂದ ತಿರುಗಿ ದೌಡಾಯಿಸಿದ. ದುಃಖ ಈ ಮನುಷ್ಯನ ತಲೆಗೇರಿದೆ, ಇನ್ನು ಊರೇ ಮುಂದೆ ನಿಂತು ಎಲ್ಲ ನಡೆಸಬೇಕು ಎಂದು ತೀರ್ಮಾನಿಸಿ ನೇರವಾಗಿ ರೇಡಿಯೋ ಸ್ಟೇಷನ್ನಿಗೆ ಹೋದ.

ಶುಕ್ರವಾರ ಬೆಳಗಿನ ಮರಣವಾರ್ತೆಯಲ್ಲಿ ನಲೋಂಗೊ ಹೆಸರು ಬಂತು. ಎರಿಸಾ ಕೇಳಿಸಿಕೊಳ್ಳಲಿಲ್ಲ. ಕಣ್ಣು ಸ್ವಲ್ಪ ಬಿಟ್ಟಿದ್ದರಿಂದ ಅವನು ಮುಖವಾಡ ಹಾಕಿಕೊಂಡು ಉಳಿದ ಚುಕ್ಕಿಗಳನ್ನು ಕೂಡಿಸಿ, ಉಬ್ಬುಗಳ ಮೇಲೆ ಗ್ರೈಂಡರ್ ಓಡಿಸುತ್ತಿದ್ದ. ಆ ಸದ್ದಿನಲ್ಲಿ ಫೋನೂ ಕೇಳಿಸಲಿಲ್ಲ.

ಕಿಯಿಂಗಿ ಗಡಿಯಲ್ಲಿ ಚಹಾ ಕುಡಿಯುತ್ತ ಸುದ್ದಿ ಕೇಳಿ ಲೋಟ ಬಿಟ್ಟ. ಅತ್ತೆಗೇ ಒಂದು ಫೋನ್ ಮಾಡಬಹುದಿತ್ತು. ಆದರೆ ಸತ್ತವರಿಗೆ ಫೋನ್ ಮಾಡಿ ಸತ್ತಿದ್ದೀರಾ ಎಂದು ಕೇಳುವ ಪದ್ಧತಿ ಎಲ್ಲಿಯೂ ಇಲ್ಲ. ಅಲ್ಲದೆ ನಲೋಂಗೊ ತಮ್ಮ ಫೋನು ಸವೆಯದಿರಲೆಂದು ಅದನ್ನು ಬಿಸ್ಕೆಟ್ ಡಬ್ಬದಲ್ಲಿ ಆರಿಸಿಟ್ಟಿರುತ್ತಿದ್ದರು. ಕಿಯಿಂಗಿಗೆ ದುಃಖಕ್ಕಿಂತ ಹೆಚ್ಚಾಗಿ ಉರಿದದ್ದು ಇನ್ನೊಂದು ಸಂಗತಿ.

"ನನಗೆ ಹೇಳದೆ ಆ ಬ್ರೆಡ್ ಅಳಿಯ ಅತ್ತೇನ ತನ್ನ ಹಿತ್ತಿಲಲ್ಲಿ ಇಟ್ಕೊಂಡಿದಾನೆ! ದೊಡ್ಡಳಿಯ ನಾನಾ, ಅವನಾ?"

ಹೀಗೆಂದವನು ಮಸಾಕಾದಲ್ಲಿ ಸಿಕ್ಕ ಅತಿ ದುಬಾರಿ ಶವಪೆಟ್ಟಿಗೆ ಕೊಂಡ. ಹಿತ್ತಾಳೆ ಹಿಡಿ, ಒಳಗೆ ಬಿಳಿ ರೇಷ್ಮೆ, ಮುಖ ಕಾಣಲು ಗಾಜಿನ ಕಿಟಕಿ. ಬಾಡಿಗೆ ಪಿಕಪ್ಪಿನಲ್ಲಿ ಹೇರಿಸಿಕೊಂಡು ನ್ಯೆಂಡೋಗೆ ಬಂದಿಳಿದ.

ಅಷ್ಟರಲ್ಲಿ ಎರಿಸಾನ ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಹೆಂಗಸರು ದೊಡ್ಡ ಹಂಡೆಗಳಲ್ಲಿ ಬಾಳೆಕಾಯಿ ಬೇಯಿಸುತ್ತಿದ್ದರು. ಹಿರಿಯರು ಹೆಣಕ್ಕೆ ಸುತ್ತುವ ತೊಗಟೆ ಬಟ್ಟೆಯ ಸುರುಳಿಗಳನ್ನು ಕಂಕುಳಲ್ಲಿಟ್ಟು ಸಾಲಾಗಿ ಕೂತಿದ್ದರು. ಗ್ರೈಂಡರ್ ನಿಲ್ಲಿಸಿ ಹಿತ್ತಿಲಿನಿಂದ ಬಂದ ಎರಿಸಾ ಊದಿದ ಕಣ್ಣು ಕಿರಿದು ಮಾಡಿ ಜನಜಾತ್ರೆ ನೋಡಿದ. ಒಂದು ಕ್ಷಣವೂ ಅನುಮಾನ ಬರಲಿಲ್ಲ. ಚೇರ್ಮನ್ ಹೋಗಿ ಹೇಳಿದ್ದಾನೆ, ಎಲ್ಲರೂ ತನ್ನ ವೆಲ್ಡಿಂಗ್ ನೋಡಲು ಬಂದಿದ್ದಾರೆ!

ಮುದುಕರೊಬ್ಬರು ಅವನ ನಡುಗುವ ಕೈ ಹಿಡಿದು, "ಮನಸ್ಸು ಗಟ್ಟಿ ಮಾಡ್ಕೋ ಮಗಾ," ಎಂದರು.

"ಗಟ್ಟಿಯಾಗೇ ಮಾಡಿದೀನಿ ತಾತಾ. ಒದ್ದು ನೋಡಿ ಬೇಕಾದ್ರೆ."

ಮುದುಕರು ಕೈ ಬಿಟ್ಟರು.

"ಇಷ್ಟೆಲ್ಲ ಜನ ಯಾಕೆ ಬಂದ್ರಿ," ಎಂದ ಎರಿಸಾ ಸಂಕೋಚದಿಂದ. "ಇದು ನನ್ನ ಮೊದಲನೇ ಬಾಡಿ. ಮುಂದಿನದು ಇನ್ನೂ ಚೆನ್ನಾಗಿ ಮಾಡ್ತೀನಿ."

ಸಾಲಿನಲ್ಲಿದ್ದ ಅತ್ತೆಯಂದಿರೆಲ್ಲ ತಮ್ಮ ತಮ್ಮ ಅಳಿಯಂದಿರತ್ತ ತಿರುಗಿ ನೋಡಿದರು.

ಆಗಲೇ ತೆಯೊಪಿಸ್ತಾ ಬಂದದ್ದು. ಬಸ್ಸಿನಲ್ಲೇ ರೇಡಿಯೋ ಕೇಳಿದ್ದಳು. ಅಳುವಿನಿಂದ ಅವಳ ಕಣ್ಣೂ ಗಂಡನ ಕಣ್ಣಿನಷ್ಟೇ ಊದಿದ್ದವು. ನಿಶ್ಚಿತಾರ್ಥದ ಬಟ್ಟೆಯ ಗಂಟನ್ನು ಎಸೆದು ಅಂಗಳದಲ್ಲಿ ಕುಸಿದಳು. "ಅಮ್ಮಾ! ನನ್ನಮ್ಮಾ!"

ವ್ಯಾನಿನ ಮೇಲೆ ಇವಳಿಗೆ ಇಷ್ಟು ಪ್ರೀತಿಯೆಂದು ಎರಿಸಾನಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರಿದ.

"ಅಳಬೇಡ ಕಣೇ. ಅಮ್ಮನ ಬಾಡಿ ಈಗ ಎಷ್ಟು ಚೆನ್ನಾಗಿದೆ ಗೊತ್ತಾ? ಅಂಚಲ್ಲಿ ಒಂಚೂರು ಉಬ್ಬಿತ್ತು, ಗ್ರೈಂಡರ್ ಹಾಕಿದೆ."

ತೆಯೊಪಿಸ್ತಾಳ ಅಳು ನಿಂತಿತು. "ಏನು ಹಾಕಿದ್ರಿ?"

"ಗ್ರೈಂಡರ್. ಬಣ್ಣ ಹೊಡೆಯೋದೊಂದು ಬಾಕಿ. ನೀಲಿ ಹೊಡೀಲಾ? ಅಮ್ಮನಿಗೆ ನೀಲಿ ಇಷ್ಟ ಅಲ್ವಾ?"

ತೆಯೊಪಿಸ್ತಾ ಕಣ್ಣು ಮೇಲೆ ಮಾಡಿ ಒರಗಿದಳು. ಹೆಂಗಸರು ನೀರು ತರಲು ಓಡಿದರು. ಪೆಟ್ಟಿಗೆ ಇಳಿಸುತ್ತಿದ್ದ ಕಿಯಿಂಗಿ ಧಾವಿಸಿ ಬಂದು ಎರಿಸಾನ ಕೊರಳಪಟ್ಟಿ ಹಿಡಿದ.

"ಎಲ್ಲೋ ಅತ್ತೆ? ತೋರಿಸೋ, ರಾಕ್ಷಸ!"

"ಅತ್ತೆ ಊರಲ್ಲಿದಾರೆ. ಬಾಡಿ ಹಿತ್ತಿಲಲ್ಲಿದೆ," ಎಂದ ಎರಿಸಾ, ಉಸಿರು ಕಟ್ಟುತ್ತಿದ್ದರೂ ಸ್ಪಷ್ಟವಾಗಿ.

ಇಡೀ ಸಭೆ ಹಿತ್ತಿಲಿಗೆ ನುಗ್ಗಿತು. ಚೇರ್ಮನ್ ಲುಟಾಯ ಕಣ್ಣು ಮುಚ್ಚಿಕೊಂಡು ಟಾರ್ಪಾಲಿನ ತುದಿ ಹಿಡಿದು ಎಳೆದ.

ವ್ಯಾನು ನಿಂತಿತ್ತು. ಬಾಗಿಲ ಕೆಳಗೆ ಹೊಸ ತಗಡಿನ ತೇಪೆ ಬಿಸಿಲಿಗೆ ಹೊಳೆಯುತ್ತಿತ್ತು.

ಹಿರಿಯರೊಬ್ಬರು ಬಗ್ಗಿ ವ್ಯಾನಿನ ಅಡಿಯಲ್ಲೂ ಹುಡುಕಿದರು. ಆಗ ಮುಂಬಾಗಿಲ ಕಡೆಯಿಂದ ಮಾಮಾ ಫಿನಾಳ ಚೀತ್ಕಾರ ಕೇಳಿಸಿತು. ಬಾಡಿಗೆ ಬೈಕೊಂದರ ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಹಾಕಿ, ಹಬ್ಬದ ಉಡುಪಿನಲ್ಲಿ, ಛತ್ರಿ ಬಿಚ್ಚಿ ಹಿಡಿದು ನಲೋಂಗೊ ಬಂದಿಳಿದರು.

ಕೆಲವರು ಬೇಲಿ ಹಾರಿದರು. ತೊಗಟೆ ಬಟ್ಟೆ ತಂದಿದ್ದ ಹಿರಿಯರು ಸುರುಳಿಗಳನ್ನು ಬೆನ್ನ ಹಿಂದೆ ಅಡಗಿಸಿದರು. ಎದ್ದು ಕೂತಿದ್ದ ತೆಯೊಪಿಸ್ತಾ ತಾಯಿಯನ್ನು ಕಂಡು ಇನ್ನೊಮ್ಮೆ ಒರಗಿ, ತಕ್ಷಣ ಎದ್ದು ಓಡಿಹೋಗಿ ತಬ್ಬಿಕೊಂಡಳು.

"ಬಿಡೇ, ಉಡುಪು ಸುಕ್ಕಾಗುತ್ತೆ," ಎಂದರು ನಲೋಂಗೊ. "ಪಕ್ಕದ ಮನೆ ರೇಡಿಯೋದಲ್ಲಿ ನಾನು ಹೋದೆ ಅಂತ ಹೇಳಿದ್ರು. ಯಾರ್ಯಾರು ಬಂದಿದಾರೆ, ಯಾರ್ಯಾರು ಬಂದಿಲ್ಲ ನೋಡೋಣ ಅಂತ ಬಂದೆ." ನಿಧಾನವಾಗಿ ಎಲ್ಲರ ಮುಖ ನೋಡುತ್ತ ಬಂದು ಕುರ್ಚಿ ಎಳೆದು ಕೂತರು. "ಭಾಷಣ ಆಯ್ತಾ?"

"ಇ… ಇನ್ನೂ ಇಲ್ಲ," ಎಂದ ಚೇರ್ಮನ್.

"ಮತ್ತೆ ಶುರುಮಾಡು. ಅಷ್ಟು ದೂರದಿಂದ ಬಂದಿದೀನಿ."

ಚೇರ್ಮನ್ ಬೆವರೊರೆಸಿಕೊಂಡು ಜೇಬಿನಿಂದ ಭಾಷಣ ತೆಗೆದ. "ನಲೋಂಗೊ ಅವರು… ಬಹಳ ಶಾಂತ ಸ್ವಭಾವದವರು. ಯಾರಿಗೂ ಒಂದು ಗಟ್ಟಿ ಮಾತಾಡಿದವರಲ್ಲ."

"ಅದು ಸುಳ್ಳು. ಮುಂದೆ ಹೇಳು."

ಭಾಷಣ ಪೂರ್ತಿ ಆಯಿತು. ಅವರ ಅಡುಗೆಯ ಹೊಗಳಿಕೆ ಬಂದ ಕಡೆ ನಲೋಂಗೊ ಎರಡು ಸಲ ಓದಿಸಿದರು. ಆಮೇಲೆ ಎದ್ದು ವ್ಯಾನಿನ ಹತ್ತಿರ ಹೋದರು. ಬಗ್ಗಿ ತೇಪೆಯನ್ನು ನೋಡಿದರು. ಗ್ರೈಂಡರ್ ಹಾಕಿದ ಮೇಲೂ ಅಂಚು ಮೊಸಳೆಯ ಬೆನ್ನಿನಂತಿತ್ತು.

"ನಾನು ಹೇಳಿದ್ನಲ್ಲ, ಕಂಪಾಲಾಕ್ಕೆ…" ಎಂದು ಕಿಯಿಂಗಿ ಶುರುಮಾಡಿದ.

ನಲೋಂಗೊ ಛತ್ರಿ ಎತ್ತಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಬಲಗಾಲನ್ನು ತೇಪೆಯ ಮೇಲಿಟ್ಟರು. ನಲೋಂಗೊ ಸಣ್ಣ ಆಳಲ್ಲ. ಭಾರವೆಲ್ಲ ಹಾಕಿ ನಿಂತರು. ಕುಪ್ಪಳಿಸಿದರು. ಚರ್ಚಿನ ಹೆಂಗಸರಲ್ಲಿ ಅತಿ ದಪ್ಪಗಿದ್ದ ಇಬ್ಬರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಮತ್ತೆ ಕುಪ್ಪಳಿಸಿದರು. ವ್ಯಾನಿನ ಕನ್ನಡಿಯೊಂದು ಕಳಚಿ ಬಿತ್ತು. ತೇಪೆ ಕದಲಲಿಲ್ಲ.

"ನನ್ನ ಶಿಷ್ಯ!" ಎಂದು ಗುಂಪಿನ ಹಿಂದಿನಿಂದ ಗಸ್ತಾ ಕೂಗಿದ.

ನಲೋಂಗೊ ಇಳಿದು, ಅಳಿಯ ನಿಂತಿದ್ದ ಕಡೆಗೆ ಪೂರ್ತಿ ತಿರುಗಿದರು. ತೆಯೊಪಿಸ್ತಾ ಎಂದಿನಂತೆ ಮಾತು ದಾಟಿಸಲು ಬಾಯಿ ತೆರೆದಳು. ಅದರ ಅಗತ್ಯ ಬೀಳಲಿಲ್ಲ.

"ಎರಿಸಾ," ಎಂದರು ಅತ್ತೆ. ಅವರ ಬಾಯಲ್ಲಿ ತನ್ನ ಹೆಸರು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. "ನೋಡೋಕೆ ಚೆನ್ನಾಗಿಲ್ಲ. ಆದ್ರೆ ನಿಂತಿದೆ."

ಎರಿಸಾನ ಕಣ್ಣಲ್ಲಿ ನೀರು ಬಂತು. ಈ ಸಲ ಬೆಂಕಿಯ ತಪ್ಪೇನಿರಲಿಲ್ಲ.

ಬೆಂದ ಬಾಳೆಕಾಯಿಯನ್ನು ಹಾಳುಮಾಡಬಾರದೆಂದು ಎಲ್ಲರೂ ಉಂಡರು. ಉಂಡ ಮೇಲೆ ಉಳಿದದ್ದು ಶವಪೆಟ್ಟಿಗೆ. ಪಿಕಪ್ಪು ಆಗಲೇ ಹೊರಟುಹೋಗಿತ್ತು. ಕಿಯಿಂಗಿ ಅದರ ಹಿತ್ತಾಳೆ ಹಿಡಿಯನ್ನೇ ನೋಡುತ್ತ ಮೂಲೆಯಲ್ಲಿ ಕೂತಿದ್ದ.

"ಒಳ್ಳೇ ಪೆಟ್ಟಿಗೆ," ಎಂದರು ನಲೋಂಗೊ, ಗಾಜಿನ ಕಿಟಕಿಯೊಳಗೆ ಇಣುಕಿ. "ಆದ್ರೆ ನನಗೆ ಭುಜದ ಹತ್ರ ಬಿಗಿಯಾಗುತ್ತೆ. ಎತ್ತಿ ವ್ಯಾನಿಗೆ ಹಾಕಿ, ಅಂಗಡಿಗೆ ವಾಪಸ್ ಕೊಟ್ಟು ಬರೋಣ."

ಗಸ್ತಾ ಚಾಲಕನ ಸೀಟಿಗೆ ಹತ್ತಿದ. ನಲೋಂಗೊ ಅವನ ಪಕ್ಕದಲ್ಲಿ ಕಿಟಕಿಗೆ ಮೊಣಕೈಯಿಟ್ಟು ಕೂತರು. ಹಿಂದೆ ಶವಪೆಟ್ಟಿಗೆ, ಅದರಾಚೆ ಅತ್ತೆಗೆ ಸಾಕಷ್ಟು ದೂರದಲ್ಲಿ, ಬಾಗಿಲ ಬಳಿಯ ಹೊಸ ತಗಡಿನ ಮೇಲೆಯೇ ಕಾಲೂರಿ, ಎದೆ ಸೆಟೆಸಿ ಎರಿಸಾ. ವ್ಯಾನು ಪೇಟೆಯ ರಸ್ತೆಗೆ ಇಳಿಯಿತು. ಪೆಟ್ಟಿಗೆ ಕಂಡ ಕೂಡಲೇ ಜನ ಬದಿಗೆ ಸರಿದು ತಲೆ ತಗ್ಗಿಸಿದರು, ಗಂಡಸರು ಟೋಪಿ ತೆಗೆದರು. ನಲೋಂಗೊ ಒಬ್ಬೊಬ್ಬರಿಗೂ ಕೈಬೀಸಿ ನಮಸ್ಕಾರ ಹೇಳುತ್ತ ಹೋದರು. ಬೆಳಗಿನ ರೇಡಿಯೋ ಕೇಳಿದ್ದ ಇಬ್ಬರು ಬೈಕ್ ಸವಾರರು ಕವಲುದಾರಿಯಲ್ಲಿ ಅವರ ಮುಖ ಕಂಡು, ಬೈಕಿನ ಸಮೇತ ಚರಂಡಿಗೆ ಇಳಿದುಬಿಟ್ಟರು.

ನಲೋಂಗೊ ವ್ಯಾನು ನಿಲ್ಲಿಸಲು ಹೇಳಿ, ಕಿಟಕಿಯಿಂದ ತಲೆ ಹೊರಹಾಕಿದರು. "ಪೆಟ್ಟೇನಾದ್ರೂ ಆಯ್ತೇನಪ್ಪಾ? ಬನ್ನಿ, ಹತ್ಕೊಳ್ಳಿ, ಹಿಂದೆ ಜಾಗ ಇದೆ."

ಇಬ್ಬರೂ ಚರಂಡಿಯಿಂದೆದ್ದು, ಬೈಕುಗಳನ್ನು ಅಲ್ಲೇ ಬಿಟ್ಟು, ಬಾಳೆತೋಟದೊಳಗೆ ಓಡಿದರು.